ಸೋರಿಕೆ ಉಳಿದರೂ ಸಮಾಧಾನ: ಪುರುಷರ ಮೂತ್ರಸ್ರಾವದ ಶಸ್ತ್ರಚಿಕಿತ್ಸೆಯನ್ನು ಕುರಿತು

ಬ್ರಿಟನ್ನಿನ 27 ಆಸ್ಪತ್ರೆಗಳು ಸೇರಿ ನಡೆಸಿದ ‘ಮಾಸ್ಟರ್’ ಎಂಬ ಹೆಸರಿನ ಒಂದು ವೈದ್ಯಕೀಯ ಪರೀಕ್ಷೆಯ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ತರುವಾಯ ಮೂತ್ರವನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ಕಳೆದುಕೊಂಡಿದ್ದ 380 ಮಂದಿ ಪುರುಷರನ್ನು ಯಾದೃಚ್ಛಿಕವಾಗಿ ಸರಿಪಾಲಾಗಿ ವಿಂಗಡಿಸಿ, ಒಂದು ಪಂಗಡದವರಿಗೆ ಸ್ಲಿಂಗ್ ಎಂಬ ಜಾಲರಿಯ ಪಟ್ಟಿಯನ್ನು, ಇನ್ನೊಂದು ಪಂಗಡದವರಿಗೆ ಕೃತಕ ಸ್ಫಿಂಕ್ಟರ್ ಎಂಬ ಸಣ್ಣ ಯಂತ್ರವನ್ನು ಅಳವಡಿಸುವುದೆಂದು ಗೊತ್ತುಮಾಡಲಾಗಿತ್ತು. ಒಂದು ವರ್ಷ ಕಳೆದ ಮೇಲೆ, ಈಗಲೂ ಮೂತ್ರ ಸೋರುತ್ತದೆಯೆ ಎಂದು ಕೇಳಲಾಗಿ, ಮೊದಲನೆಯ ಪಂಗಡದಲ್ಲಿ ನೂರಕ್ಕೆ 87 ಮಂದಿಯೂ ಎರಡನೆಯ ಪಂಗಡದಲ್ಲಿ ನೂರಕ್ಕೆ 84 ಮಂದಿಯೂ, ಎಷ್ಟೇ ಸ್ವಲ್ಪವಾಗಿರಲಿ, ಎಷ್ಟೇ ಅಪರೂಪವಾಗಿರಲಿ, ಸೋರುತ್ತದೆ ಎಂದೇ ಉತ್ತರಿಸಿದರು. ಆದರೆ ಅದೇ ಪರೀಕ್ಷೆಯಲ್ಲಿ, ಅದೇ ಜನರ ನಡುವೆ, ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ತೃಪ್ತಿಯು ಎರಡು ಪಂಗಡಗಳಲ್ಲಿಯೂ ಹೆಚ್ಚಿನ ಮಟ್ಟದಲ್ಲಿತ್ತು.

ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಮೊದಲ ನೋಟಕ್ಕೆ ಅನ್ನಿಸಬಹುದು. ಯಾವ ಬಾಧೆಯ ನಿವಾರಣೆಗಾಗಿ ಮನುಷ್ಯನು ತನ್ನ ದೇಹವನ್ನು ಮತ್ತೊಮ್ಮೆ ಶಸ್ತ್ರಕ್ಕೆ ಒಪ್ಪಿಸಿದನೋ ಆ ಬಾಧೆ ನಿಶ್ಶೇಷವಾಗಿ ಹೋಗದೆ ಉಳಿದಿರುವಾಗ ಅವನು ಸಂತುಷ್ಟನಾದುದು ಹೇಗೆ? ಅವನು ವೈದ್ಯರ ಮೇಲಿನ ದಾಕ್ಷಿಣ್ಯಕ್ಕಾಗಿ ಹಾಗೆಂದನೆ, ಅಥವಾ ನಾವು ಹೊರಗಿನವರು ಅವನ ಬಾಧೆಯನ್ನೇ ತಪ್ಪಾಗಿ ಗ್ರಹಿಸಿದ್ದೇವೆಯೆ? ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹುಡುಕುವುದು ಅಗತ್ಯವೆಂದು ನಾನು ಭಾವಿಸಿದ್ದೇನೆ. ಏಕೆಂದರೆ ಈ ಚಿಕಿತ್ಸೆ ಯಾರಿಗೆ ಬೇಕಾಗಿದೆಯೋ ಅವರಲ್ಲಿ ಬಹುಮಂದಿ ಅದರ ಹೆಸರನ್ನೇ ಕೇಳಿರುವುದಿಲ್ಲ. ಕೇಳಿದವರಲ್ಲಿಯೂ ಕೆಲವರು ಅದರಿಂದ ಸಲ್ಲದುದನ್ನು ನಿರೀಕ್ಷಿಸಿ ನಿರಾಶರಾಗುತ್ತಾರೆ.

ಬಾಧೆಯ ಮೂಲವನ್ನು ಮೊದಲು ನೋಡೋಣ. ಮೂತ್ರಕೋಶದ ಕಂಠದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದುಕೊಂಡು ಪ್ರಾಸ್ಟೇಟ್ ಗ್ರಂಥಿಯಿದೆ. ಮೂತ್ರವನ್ನು ತಡೆಯುವ ಸ್ನಾಯುಬಂಧಗಳು ಪುರುಷರಲ್ಲಿ ಎರಡು: ಗ್ರಂಥಿಯ ಮೇಲ್ಭಾಗದಲ್ಲಿ, ಮೂತ್ರಕೋಶದ ಕಂಠದಲ್ಲಿ, ನಮ್ಮ ಇಚ್ಛೆಯನ್ನು ಕೇಳದೆ ತಾನೇ ಕೆಲಸ ಮಾಡುವುದೊಂದು, ಗ್ರಂಥಿಯ ಕೆಳಗೆ, ನಾವು ಬೇಕೆಂದಾಗ ಬಿಗಿಹಿಡಿಯಬಲ್ಲದ್ದು ಇನ್ನೊಂದು. ಕ್ಯಾನ್ಸರಿನ ಕಾರಣದಿಂದ ಗ್ರಂಥಿಯನ್ನು ಸಮೂಲವಾಗಿ ತೆಗೆದು ಮೂತ್ರಕೋಶವನ್ನೂ ಮೂತ್ರನಾಳವನ್ನೂ ಮರಳಿ ಜೋಡಿಸಿ ಹೊಲಿದಾಗ, ಮೇಲಿನ ಬಂಧದ ಕಾರ್ಯವು ಬಹುಮಟ್ಟಿಗೆ ನಷ್ಟವಾಗಿ, ಹಗಲಿರುಳಿನ ಕಾವಲೆಲ್ಲ ಕೆಳಗಿನ ಒಂದೇ ಬಂಧದ ಮೇಲೆ ಬೀಳುತ್ತದೆ. ಆ ಸ್ನಾಯುವಿಗಾಗಲಿ ಅದರ ನರಗಳಿಗಾಗಲಿ ಅದಕ್ಕೆ ಆಧಾರವಾಗಿರುವ ಅಂಗಾಂಶಗಳಿಗಾಗಲಿ ಪೆಟ್ಟಾಗಿದ್ದರೆ, ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕುರ್ಚಿಯಿಂದ ಎದ್ದಾಗ, ನೀರಿನ ಕೊಡವನ್ನು ಎತ್ತಿದಾಗ ಮೂತ್ರವು ಅವನ ಅಪ್ಪಣೆಯಿಲ್ಲದೆ ಹೊರಬರುತ್ತದೆ. ಶಸ್ತ್ರವೈದ್ಯನ ಕೈ ಎಷ್ಟೇ ಕುಶಲವಾಗಿದ್ದರೂ ಈ ಸಂಭವವನ್ನು ಸಂಪೂರ್ಣವಾಗಿ ತಪ್ಪಿಸಲಾಗಿಲ್ಲ.

ಇದು ಎಷ್ಟು ಮಂದಿಯ ಪಾಡು ಎಂಬುದಕ್ಕೆ ಬ್ರಿಟನ್ನಿನಲ್ಲಿಯೇ ನಡೆದ ‘ಪ್ರೊಟೆಕ್ಟ್’ ಎಂಬ ಇನ್ನೊಂದು ದೀರ್ಘ ಪರೀಕ್ಷೆಯು ಸಾಕ್ಷಿಯಾಗಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದ 1,643 ಪುರುಷರನ್ನು ಅದರಲ್ಲಿ ಮೂರು ಬಗೆಯ ಚಿಕಿತ್ಸಾಕ್ರಮಗಳಿಗೆ ಹಂಚಲಾಗಿತ್ತು. 2016ರಲ್ಲಿ ಹೊರಬಂದ ಅದರ ವರದಿಯಂತೆ, ಗ್ರಂಥಿಯನ್ನು ತೆಗೆಸಿಕೊಳ್ಳುವ ಪಂಗಡಕ್ಕೆ ಸೇರಿದವರಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 46 ಮಂದಿ ಮೂತ್ರವನ್ನು ಹೀರುವ ಪ್ಯಾಡುಗಳನ್ನು ಧರಿಸುತ್ತಿದ್ದರು. ಆರು ವರ್ಷಗಳ ಹೊತ್ತಿಗೂ ನೂರಕ್ಕೆ 17 ಮಂದಿಗೆ ಅವು ಬೇಕಾಗಿದ್ದುವು. ಅಂದರೆ ಬಹುಮಂದಿಗೆ ಪ್ರಕೃತಿಯೇ ಕಾಲಕ್ರಮದಲ್ಲಿ ಗುಣವನ್ನು ತಂದುಕೊಡುತ್ತದೆ. ಆದರೆ ಉಳಿದವರ ಸಂಖ್ಯೆ ಅಲಕ್ಷ್ಯ ಮಾಡತಕ್ಕದ್ದಲ್ಲ.

ಹೀಗೆ ಉಳಿದವರ ದಿನಚರಿಯನ್ನು ಊಹಿಸಿಕೊಳ್ಳಬೇಕು. ಕ್ಯಾನ್ಸರಿನಿಂದ ಪಾರಾದವನು ಎಂದು ಮನೆಯವರೆಲ್ಲರೂ ಅಭಿನಂದಿಸುತ್ತಿರುವಾಗ, ತನ್ನ ಸಂಕಟವನ್ನು ಹೇಳಿಕೊಂಡರೆ ಕೃತಘ್ನತೆಯಾದೀತೆಂಬ ಅಂಜಿಕೆಯಿಂದ ಅವನು ಮೌನವಾಗುತ್ತಾನೆ. ಹೊರಡುವ ಮುನ್ನ ದಾರಿಯಲ್ಲಿ ಶೌಚಾಲಯವೆಲ್ಲಿದೆ ಎಂದು ಲೆಕ್ಕ ಹಾಕುತ್ತಾನೆ. ಕಪ್ಪು ಬಣ್ಣದ ಪ್ಯಾಂಟುಗಳನ್ನೇ ಆರಿಸಿಕೊಳ್ಳುತ್ತಾನೆ. ನೆಂಟರ ಮನೆಯ ಸೋಫಾದ ಮೇಲೆ ಕೂರಲು ಹಿಂಜರಿಯುತ್ತಾನೆ. ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾನೆ. ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಡುತ್ತಾನೆ. ತನ್ನ ಮೈಯಿಂದ ವಾಸನೆ ಬರುತ್ತಿರಬಹುದೆಂಬ ಒಂದು ಸಂಶಯವೇ ಸಭೆ ಸಮಾರಂಭಗಳಿಂದ ಅವನನ್ನು ದೂರವಿಡಲು ಸಾಕು. ದಾಂಪತ್ಯದ ಏಕಾಂತದ ಮೇಲೆಯೂ ಇದರ ನೆರಳು ಬೀಳುತ್ತದೆ. ಹೆಂಗಸರು ಹದಿವಯಸ್ಸಿನಿಂದಲೇ ಪ್ಯಾಡುಗಳ ಉಪಯೋಗವನ್ನು ಬಲ್ಲರು, ಆ ವಿಷಯವನ್ನು ತಮ್ಮೊಳಗೆ ಮಾತನಾಡಿಕೊಳ್ಳಲೂ ಬಲ್ಲರು. ಅರುವತ್ತೈದರ ಗಂಡಸಿಗೆ ಆ ಅಭ್ಯಾಸವೂ ಇಲ್ಲ, ಮಾತೂ ಇಲ್ಲ. ನೆನೆದ ಪ್ಯಾಡನ್ನು ಹಾಕಲು ಗಂಡಸರ ಶೌಚಾಲಯದಲ್ಲಿ ಒಂದು ಬುಟ್ಟಿಯೂ ಇರುವುದಿಲ್ಲ. ಬ್ರಿಟನ್ನಿನ ಪ್ರಾಸ್ಟೇಟ್ ಕ್ಯಾನ್ಸರ್ ಸೇವಾಸಂಸ್ಥೆಯವರು ಈ ಬುಟ್ಟಿಗಳಿಗಾಗಿಯೇ ಒಂದು ಆಂದೋಲನವನ್ನು ನಡೆಸಬೇಕಾಯಿತು. ಆ ಬೇಡಿಕೆಯ ಹಿಂದೆ ಎಷ್ಟು ಮಂದಿಯ ಅವಮಾನ ಅಡಗಿದೆಯೆಂಬುದನ್ನು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಶಸ್ತ್ರಚಿಕಿತ್ಸೆಯು ಮೊದಲ ಮಾರ್ಗವಲ್ಲ. ವಸ್ತಿಕುಹರದ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಎಲ್ಲ ವೈದ್ಯರೂ ಮೊದಲು ಹೇಳಿಕೊಡುತ್ತಾರೆ. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಸ್ತ್ರೀಯರಿಗಾಗಿ ಪ್ರಚಾರಕ್ಕೆ ತಂದ ಈ ಅಭ್ಯಾಸವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದು ಮಾಡತಕ್ಕದ್ದೇ. ಆದರೆ ಅದೇ ಸರ್ವಸ್ವವೆಂದು ಹೇಳುವಂತಿಲ್ಲ: 2011ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯೊಂದರಲ್ಲಿ, ತಜ್ಞರ ಎದುರು ಕೂತು ಒಬ್ಬೊಬ್ಬರಾಗಿ ಈ ವ್ಯಾಯಾಮವನ್ನು ಕಲಿತವರಿಗೂ ಸಾಮಾನ್ಯ ಆರೈಕೆಯನ್ನಷ್ಟೇ ಪಡೆದವರಿಗೂ ವರ್ಷದ ಕೊನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ, ಗ್ರಂಥಿಯನ್ನು ಸಮೂಲವಾಗಿ ತೆಗೆಸಿಕೊಂಡವರ ಪೈಕಿ ವ್ಯಾಯಾಮ ಕಲಿತವರಲ್ಲಿ ನೂರಕ್ಕೆ 76, ಉಳಿದವರಲ್ಲಿ ನೂರಕ್ಕೆ 77 ಮಂದಿಗೆ ಒಂದಿಷ್ಟಾದರೂ ಸೋರಿಕೆ ಇದ್ದೇ ಇತ್ತು. ಆದ್ದರಿಂದ, ಇನ್ನೂ ಚೆನ್ನಾಗಿ ವ್ಯಾಯಾಮ ಮಾಡಿದ್ದರೆ ಗುಣವಾಗುತ್ತಿತ್ತೆಂದು ರೋಗಿಯ ಮೇಲೆ ದೋಷವನ್ನು ಹೊರಿಸುವುದು ಅನ್ಯಾಯ. ಆರು ತಿಂಗಳಿಂದ ಒಂದು ವರ್ಷದವರೆಗೆ ಕಾದು ನೋಡಿ, ಸೋರಿಕೆ ಕಡಿಮೆಯಾಗುವುದು ನಿಂತುಹೋಗಿ ಬಾಧೆ ಮಾತ್ರ ಉಳಿದಿದ್ದರೆ, ಆಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ.

ಇಲ್ಲಿ ಸ್ವಲ್ಪ ಚರಿತ್ರೆಯನ್ನು ಹೇಳಬೇಕು. ಆಸ್ಪತ್ರೆಗಳಲ್ಲಿ ಇಂದಿಗೂ ದಿನವೂ ಉಪಯೋಗವಾಗುವ ಮೂತ್ರ ತೆಗೆಯುವ ಕೊಳವೆಯಾದ ಕ್ಯಾತಿಟರಿಗೆ ತನ್ನ ಹೆಸರನ್ನು ಕೊಟ್ಟ ಅಮೆರಿಕದ ಫ್ರೆಡರಿಕ್ ಫೋಲಿಯೇ 1947ರಲ್ಲಿ, ಗಾಳಿ ತುಂಬಿ ಮೂತ್ರನಾಳವನ್ನು ಒತ್ತಿಹಿಡಿಯುವ, ದೇಹದ ಹೊರಗೆ ತೊಡುವ ಒಂದು ಕೃತಕ ಸ್ಫಿಂಕ್ಟರನ್ನು ವರ್ಣಿಸಿದನು. ಅದು ಬಳಕೆಯಲ್ಲಿ ನಿಲ್ಲಲಿಲ್ಲ. ಇಡೀ ಉಪಕರಣವನ್ನು ದೇಹದ ಒಳಗೇ ಇಡುವ ಸಾಹಸವು ಕೈಗೂಡಿದುದು 1972ರಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ, ಬ್ರಾಂಟ್ಲಿ ಸ್ಕಾಟ್ ಎಂಬ ಶಸ್ತ್ರವೈದ್ಯನ ಕೈಯಿಂದ. ಮಿನೆಸೋಟದ ವಿಲಿಯಂ ಬ್ರಾಡ್ಲಿ ಮತ್ತು ಜೆರಾಲ್ಡ್ ಟಿಮ್ ಎಂಬವರು ಅವನ ಸಹಕಾರಿಗಳು. ಆ ಮೊದಲ ಯಂತ್ರವು ಹಲವು ಬಾರಿ ತಿದ್ದುಪಡಿಯಾಗಿ, 1980ರ ದಶಕದ ಆರಂಭದಲ್ಲಿ ‘ಎಎಂಎಸ್ 800’ ಎಂಬ ರೂಪವನ್ನು ತಳೆಯಿತು. ಇಂದಿಗೂ ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಉಪಯೋಗವಾಗುತ್ತಿರುವುದು ಅದರದೇ ವಂಶ.

ಅದರ ರಚನೆ ಸರಳ, ಆದರೆ ಆಲೋಚನೆ ಸೂಕ್ಷ್ಮ. ರಕ್ತದೊತ್ತಡವನ್ನು ಅಳೆಯುವಾಗ ತೋಳಿಗೆ ಸುತ್ತುವ ಪಟ್ಟಿಯಂತಹ ಒಂದು ಪುಟ್ಟ ಕಫ್ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ಕಿಬ್ಬೊಟ್ಟೆಯೊಳಗೆ ದ್ರವ ತುಂಬಿದ ಒಂದು ಬಲೂನು. ವೃಷಣಚೀಲದೊಳಗೆ, ಕೈಗೆ ಸಿಗುವಂತೆ, ಒಂದು ಪಂಪು. ಮೂರನ್ನೂ ಕೂಡಿಸುವ ಕೊಳವೆಗಳು. ಸಾಮಾನ್ಯ ಸ್ಥಿತಿಯಲ್ಲಿ ಕಫ್ ತುಂಬಿಕೊಂಡು ನಾಳವನ್ನು ಮೃದುವಾಗಿ ಮುಚ್ಚಿರುತ್ತದೆ. ಬಹುಮಂದಿಯಲ್ಲಿ ಬಳಸುವ ಬಲೂನಿನ ಒತ್ತಡ 61ರಿಂದ 70 ಸೆಂಟಿಮೀಟರ್ ನೀರಿನ ಎತ್ತರದಷ್ಟು. ನಾಳವನ್ನು ಮುಚ್ಚಲು ಸಾಕು, ಆದರೆ ಅದರ ರಕ್ತಸಂಚಾರವನ್ನು ನಿಲ್ಲಿಸದಷ್ಟು. ಮೂತ್ರವಿಸರ್ಜನೆಯ ಅಗತ್ಯ ತೋರಿದಾಗ ಅವನು ಚರ್ಮದ ಮೇಲಿನಿಂದಲೇ ಪಂಪನ್ನು ಕೆಲವು ಸಲ ಅಮುಕುತ್ತಾನೆ. ಕಫ್‌ನಲ್ಲಿದ್ದ ದ್ರವವು ಬಲೂನಿಗೆ ಹೋಗಿ ನಾಳ ತೆರೆದುಕೊಳ್ಳುತ್ತದೆ. ಎರಡು ಮೂರು ನಿಮಿಷಗಳಲ್ಲಿ ದ್ರವವು ತಾನಾಗಿಯೇ ಹಿಂದಿರುಗಿ ಬಾಗಿಲು ಮತ್ತೆ ಮುಚ್ಚುತ್ತದೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ಇದನ್ನು ಚಾಲನೆಗೊಳಿಸುವುದಿಲ್ಲ; ಗಾಯ ಮಾಯುವುದಕ್ಕಾಗಿ ಸುಮಾರು ಆರು ವಾರಗಳ ಕಾಲ ಕಫ್‌ನ್ನು ತೆರೆದೇ ಇಟ್ಟಿರುತ್ತಾರೆ. ಆ ಆರು ವಾರಗಳಲ್ಲಿ ಸೋರಿಕೆ ಹಿಂದಿನಂತೆಯೇ ಇರುವುದರಿಂದ, ಮುಂಚಿತವಾಗಿ ತಿಳಿಸದಿದ್ದರೆ ರೋಗಿಯು ಚಿಕಿತ್ಸೆ ವಿಫಲವಾಯಿತೆಂದು ಎದೆಗುಂದುವುದುಂಟು. ಬೆರಳುಗಳಲ್ಲಿ ಪಂಪನ್ನು ಅಮುಕುವ ಶಕ್ತಿಯೂ, ಅದರ ಕ್ರಮವನ್ನು ನೆನಪಿಟ್ಟುಕೊಳ್ಳುವ ಬುದ್ಧಿಯ ಸ್ವಾಸ್ಥ್ಯವೂ ಇದಕ್ಕೆ ಅವಶ್ಯ.

ಸ್ಲಿಂಗ್ ಇದಕ್ಕಿಂತ ಈಚಿನದು. ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನ ರೇಡರ್ ಮತ್ತು ಗೊಟ್ಸಿ ಎಂಬ ವೈದ್ಯರು 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕೃತಕ ನೂಲಿನ ಜಾಲರಿಯ ಪಟ್ಟಿಯೊಂದನ್ನು ಮೂತ್ರನಾಳದ ಕೆಳಗೆ ತೂರಿಸಿ, ಸಡಿಲವಾಗಿ ಜಗ್ಗಿದ ಭಾಗವನ್ನು ಮೊದಲಿನ ನೆಲೆಗೆ ಎತ್ತಿ ನಿಲ್ಲಿಸಲಾಗುತ್ತದೆ. ಇದರಲ್ಲಿ ಅಮುಕತಕ್ಕದ್ದೇನೂ ಇಲ್ಲ, ಕೆಡತಕ್ಕ ಯಂತ್ರಭಾಗವೂ ಇಲ್ಲ. ಸೋರಿಕೆ ಅಲ್ಪವೋ ಮಧ್ಯಮವೋ ಆಗಿರುವವರಿಗೆ ಇದು ಒಪ್ಪುತ್ತದೆ. ಅತಿಯಾಗಿ ಸೋರುವವರಿಗೂ ವಿಕಿರಣ ಚಿಕಿತ್ಸೆಯನ್ನು ಪಡೆದವರಿಗೂ ಕೃತಕ ಸ್ಫಿಂಕ್ಟರೇ ಹೆಚ್ಚು ಭರವಸೆಯದೆಂಬುದು ಸಾಮಾನ್ಯ ಅಭಿಪ್ರಾಯ.

ಈಗ ಮಾಸ್ಟರ್ ಪರೀಕ್ಷೆಗೆ ಹಿಂದಿರುಗಿದರೆ ಅದರ ಅಂಕಿಗಳು ಬೇರೊಂದು ಬೆಳಕಿನಲ್ಲಿ ಕಾಣುತ್ತವೆ. ಎಷ್ಟು ಸಲ ಸೋರುತ್ತದೆ, ಎಷ್ಟು ಸೋರುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿ ಯಾವುದೊಂದಕ್ಕೆ ‘ಇಲ್ಲವೇ ಇಲ್ಲ’ ಎಂಬುದಕ್ಕಿಂತ ಬೇರೆ ಉತ್ತರ ಬಂದರೂ ಅಂಥವನನ್ನು ಗುಣವಾಗದವನೆಂದೇ ಎಣಿಸುವುದು ಅಲ್ಲಿಯ ನಿಯಮ. ವಾರಕ್ಕೊಂದು ತೊಟ್ಟು ಜಿನುಗಿದವನೂ, ದಿನಕ್ಕೆ ನಾಲ್ಕು ಪ್ಯಾಡುಗಳನ್ನು ನೆನೆಸುವವನೂ ಆ ಲೆಕ್ಕದಲ್ಲಿ ಸಮಾನರು. ವಿಜ್ಞಾನಕ್ಕೆ ಇಂತಹ ಕಠಿಣ ಮಾನದಂಡ ಬೇಕು, ಸಂದೇಹವಿಲ್ಲ. ಆದರೆ ಬದುಕುವವನ ಅನುಭವವು ಅದರಲ್ಲಿ ಹಿಡಿಸುವುದಿಲ್ಲ. ಅದೇ ಪರೀಕ್ಷೆಯಲ್ಲಿ ಬಳಸಿದ ಬಾಧೆಯ ಅಂಕಪಟ್ಟಿ ಸೊನ್ನೆಯಿಂದ 21ರವರೆಗೆ ಹೋಗುತ್ತದೆ. ಅದರಲ್ಲಿ ಎಷ್ಟು ಸಲ ಎಂಬುದಕ್ಕೆ 5, ಎಷ್ಟು ಎಂಬುದಕ್ಕೆ 6, ಇದರಿಂದ ನಿಮ್ಮ ನಿತ್ಯಜೀವನಕ್ಕೆ ಎಷ್ಟು ತೊಡಕಾಗಿದೆ ಎಂಬ ಪ್ರಶ್ನೆಯೊಂದಕ್ಕೇ 10 ಅಂಕಗಳು ಮೀಸಲು. ಶಸ್ತ್ರಚಿಕಿತ್ಸೆಗೆ ಮೊದಲು ಎರಡು ಪಂಗಡಗಳಲ್ಲಿಯೂ 16ಕ್ಕೆ ತುಸು ಮೇಲಿದ್ದ ಸರಾಸರಿಯು ವರ್ಷದ ಬಳಿಕ ಸ್ಲಿಂಗ್ ಹಾಕಿಸಿಕೊಂಡವರಲ್ಲಿ 8.7ಕ್ಕೂ ಸ್ಫಿಂಕ್ಟರ್ ಪಡೆದವರಲ್ಲಿ 7.5ಕ್ಕೂ ಇಳಿಯಿತು. ಬಾಧೆ ಅರ್ಧದಷ್ಟಾಯಿತು ಎಂದರೆ, ಮನೆಯಿಂದ ಹೊರಗೆ ಹೋಗಲಾರದವನು ಹೋಗಬಲ್ಲವನಾದನು. ಅವನ ಸಮಾಧಾನದ ನೆಲೆ ಅಲ್ಲಿದೆ.

ಅಮೆರಿಕದಲ್ಲಿ 1996ರಲ್ಲಿಯೇ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಹೇಳಿತ್ತು. ಕೃತಕ ಸ್ಫಿಂಕ್ಟರನ್ನು ಧರಿಸಿದ 50 ಮಂದಿಯಲ್ಲಿ ಗಣನೀಯ ಭಾಗದವರಿಗೆ ಅಷ್ಟಿಷ್ಟು ಸೋರಿಕೆ ಉಳಿದಿದ್ದರೂ, ನೂರಕ್ಕೆ 90 ಮಂದಿ ತಾವು ತೃಪ್ತರೆಂದರು. ನೂರಕ್ಕೆ 92 ಮಂದಿ ಅವಕಾಶವಿದ್ದರೆ ಮತ್ತೊಮ್ಮೆ ಇದನ್ನೇ ಮಾಡಿಸಿಕೊಳ್ಳುವೆವೆಂದರು. ನೂರಕ್ಕೆ 96 ಮಂದಿ ಸ್ನೇಹಿತನಿಗೆ ಇದನ್ನೇ ಸಲಹೆ ಮಾಡುವೆವೆಂದರು. ಈ ಮೂರರಲ್ಲಿ ಕೊನೆಯ ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮನುಷ್ಯನು ತನ್ನ ಪಾಲಿಗೆ ಬಂದುದನ್ನು ಅನಿವಾರ್ಯವೆಂದು ಒಪ್ಪಿಕೊಂಡು ತೃಪ್ತನೆಂದು ಹೇಳಿಬಿಡಬಹುದು. ಆದರೆ ಸ್ನೇಹಿತನ ದೇಹವನ್ನು ಶಸ್ತ್ರಕ್ಕೆ ಒಪ್ಪಿಸೆಂದು ಹೇಳುವಾಗ ಅವನು ಸುಳ್ಳಾಡುವುದು ಕಷ್ಟ.

ಇಷ್ಟಾದರೂ ತೃಪ್ತಿಯ ಅಂಕಿಗಳನ್ನು ಕಣ್ಣುಮುಚ್ಚಿ ಸ್ವೀಕರಿಸತಕ್ಕದ್ದಲ್ಲ. ತನಗೆ ಚಿಕಿತ್ಸೆ ಮಾಡಿದ ವೈದ್ಯನೇ ಬಂದು ಕೇಳಿದರೆ ರೋಗಿಯು ಕೊಡುವ ಉತ್ತರಕ್ಕೂ, ಅಪರಿಚಿತನೊಬ್ಬನು ಹೆಸರಿಲ್ಲದ ಕಾಗದವನ್ನು ಕೊಟ್ಟು ಕೇಳಿದರೆ ಕೊಡುವ ಉತ್ತರಕ್ಕೂ ಅಂತರವಿರಬಹುದು. ಯಂತ್ರವನ್ನು ತೆಗೆಸಿಹಾಕಬೇಕಾಗಿ ಬಂದವರು ಎಷ್ಟೋ ವೇಳೆ ಇಂತಹ ಎಣಿಕೆಯಿಂದಲೇ ಹೊರಗುಳಿದುಬಿಡುತ್ತಾರೆ. ಕಾಲವೂ ಗಣನೆಗೆ ಬರಬೇಕಾದುದು: ವರ್ಷದ ಕೊನೆಯ ತೃಪ್ತಿಯೇ ಹತ್ತನೆಯ ವರ್ಷದಲ್ಲಿಯೂ ಇರುತ್ತದೆಂದು ಹೇಳಲಾಗದು, ಏಕೆಂದರೆ ಐದು ವರ್ಷಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬನಿಗೂ ಹತ್ತು ವರ್ಷಗಳಲ್ಲಿ ಸುಮಾರು ಅರ್ಧ ಮಂದಿಗೂ ಸ್ಫಿಂಕ್ಟರ್ ವಿಫಲವಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ದ್ರವ ಸೋರಿಹೋಗಬಹುದು, ಕಫ್‌ನ ಕೆಳಗಿನ ಅಂಗಾಂಶ ಕೃಶವಾಗಬಹುದು, ಸೋಂಕು ತಗಲಬಹುದು, ಕಫ್ ನಾಳವನ್ನು ಕೊರೆದುಕೊಂಡು ಒಳಹೊಗಬಹುದು. ಮಾಸ್ಟರ್ ಪರೀಕ್ಷೆಯಲ್ಲಿ ಗಂಭೀರ ತೊಂದರೆಗಳು ಸ್ಲಿಂಗ್ ಪಂಗಡದಲ್ಲಿ 6, ಸ್ಫಿಂಕ್ಟರ್ ಪಂಗಡದಲ್ಲಿ 13; ಸಂಖ್ಯೆ ಚಿಕ್ಕದು, ಆದರೆ ಅನುಭವಿಸಿದವನಿಗೆ ಚಿಕ್ಕದಲ್ಲ. ಹಾಗಿದ್ದೂ, ಪಂಗಡಗಳ ನಡುವೆ ನಿಜವಾದ ವ್ಯತ್ಯಾಸ ಕಂಡುಬಂದ ಇತರ ಅಂಶಗಳು ಸ್ಫಿಂಕ್ಟರಿನ ಪರವಾಗಿಯೇ ಇದ್ದುವು.

ಈ ಕಾರಣದಿಂದ, ನಾನು ಓದಿ ತಿಳಿದಮಟ್ಟಿಗೆ, ಈ ಚಿಕಿತ್ಸೆಯಲ್ಲಿ ರೋಗಿಯ ತೃಪ್ತಿಯು ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಎಷ್ಟು ನಿರ್ಧಾರವಾಗುತ್ತದೆಯೋ ಅದಕ್ಕೆ ಮುಂಚಿನ ಮಾತುಕತೆಯಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ. ನ್ಯೂಯಾರ್ಕಿನಿಂದ 2009ರಲ್ಲಿ ಬಂದ ಅಧ್ಯಯನವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಎರಡರಲ್ಲಿ ಯಾವುದಾದರೂ ಆಗಬಹುದೆಂದು ಆಯ್ಕೆಯನ್ನು ರೋಗಿಗಳಿಗೇ ಬಿಟ್ಟಾಗ ನೂರಕ್ಕೆ 92 ಮಂದಿ ಸ್ಲಿಂಗನ್ನು ಆರಿಸಿಕೊಂಡರು. ವೈದ್ಯರು ಸ್ಫಿಂಕ್ಟರೇ ಒಳ್ಳೆಯದೆಂದು ಸಲಹೆ ಮಾಡಿದಾಗಲೂ ನಾಲ್ವರಲ್ಲಿ ಒಬ್ಬನು ಸ್ಲಿಂಗನ್ನೇ ಬಯಸಿದನು. ತನ್ನ ದೇಹದೊಳಗೊಂದು ಯಂತ್ರವಿರುವುದನ್ನೂ, ಪ್ರತಿಸಲವೂ ಅದನ್ನು ಅಮುಕಬೇಕಾಗುವುದನ್ನೂ ಮನುಷ್ಯನು ಸಹಜವಾಗಿ ಒಲ್ಲನು. ಆ ಒಲ್ಲದಿಕೆಗೆ ಗೌರವ ಸಲ್ಲಬೇಕು. ಆದರೆ ಧಾರಾಕಾರವಾಗಿ ಸೋರುವವನು ಯಂತ್ರದ ಅಂಜಿಕೆಯಿಂದ ಸ್ಲಿಂಗನ್ನು ಆರಿಸಿಕೊಂಡು ಆಮೇಲೆ ಪಶ್ಚಾತ್ತಾಪ ಪಡದಂತೆ, ಸತ್ಯವನ್ನು ಮೊದಲೇ ಮೆಲ್ಲಗೆ, ಪೂರ್ಣವಾಗಿ ಹೇಳುವುದು ವೈದ್ಯನ ಧರ್ಮ. ‘ಪೂರ್ತಿ ಒಣಗುತ್ತದೆ’ ಎಂಬ ಆಶ್ವಾಸನೆಯನ್ನು ಕೇಳಿ ಶಸ್ತ್ರಚಿಕಿತ್ಸೆಗೆ ಹೋದವನಿಗೆ ದಿನಕ್ಕೊಂದು ತೆಳ್ಳನೆಯ ಪ್ಯಾಡು ಸೋಲಾಗಿ ಕಾಣುತ್ತದೆ. ‘ನಾಲ್ಕೈದು ಪ್ಯಾಡು ಒಂದಕ್ಕೆ ಇಳಿಯಬಹುದು, ಹತ್ತು ವರ್ಷಗಳಲ್ಲಿ ಮತ್ತೊಮ್ಮೆ ಬರಬೇಕಾಗಬಹುದು’ ಎಂದು ಕೇಳಿ ಹೋದವನಿಗೆ ಅದೇ ಪ್ಯಾಡು ಗೆಲುವಾಗಿ ಕಾಣುತ್ತದೆ. ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಸಂಕುಚಿತವಾಗಿ, ತಡೆಯಲಾರದ ಅವಸರವುಂಟಾಗುವ ಬೇರೊಂದು ಬಗೆಯ ಸೋರಿಕೆಯಿದೆ. ಅದು ಈ ಎರಡು ಉಪಾಯಗಳಿಂದಲೂ ಹೋಗುವುದಿಲ್ಲ. ಅದನ್ನು ಮೊದಲೇ ಪರೀಕ್ಷಿಸಿ ಬೇರ್ಪಡಿಸದೆ ಶಸ್ತ್ರವನ್ನೆತ್ತಿದರೆ ಅತೃಪ್ತಿ ಖಂಡಿತ.

ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯು ಬೆಂಗಳೂರಿನಲ್ಲಿ ರೋಬಾಟಿನ ನೆರವಿನಿಂದಲೂ ನಡೆಯುತ್ತಿರುವ ಈ ಕಾಲದಲ್ಲಿ, ಅದರ ತರುವಾಯದ ಸೋರಿಕೆಯು ಕನ್ನಡನಾಡಿನ ಮನೆಗಳಿಗೆ ಅಪರಿಚಿತವಲ್ಲ. ಹೊರದೇಶದಿಂದ ಬರುವ ಸ್ಫಿಂಕ್ಟರಿನ ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವೆಂಬುದು ನಿಜ. ಆದರೆ ಬೆಲೆಯ ಮಾತಿಗೆ ಬರುವ ಮೊದಲೇ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಮಾತು ಅಡ್ಡಬಂದು ಪ್ರಶ್ನೆಯೇ ಮುಗಿದುಹೋಗುತ್ತದೆ. ಪ್ರಾಸ್ಟೇಟಿನ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದರೂ ಸೋರಿಕೆಯಿಂದ ನಿಮ್ಮ ಓಡಾಟ ನಿಂತಿದ್ದರೆ, ಅಥವಾ ನಿಮ್ಮ ತಂದೆಯವರು ಕಾರಣ ಹೇಳದೆ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದರೆ, ಮೂತ್ರರೋಗ ತಜ್ಞರ ಬಳಿ ಹೋಗಿ ಬಾಯಿಬಿಟ್ಟು ಹೇಳಿ. ಯಾವ ಬಗೆಯ ಸೋರಿಕೆ, ಎಷ್ಟು ಕಡಿಮೆಯಾದೀತು, ಎಷ್ಟು ಉಳಿದೀತು, ತಾವು ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ಮರಳಿ ಶಸ್ತ್ರಚಿಕಿತ್ಸೆ ಬೇಕಾದರೆ ಖರ್ಚೆಷ್ಟು ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಸ್ಫಿಂಕ್ಟರನ್ನು ಹಾಕಿಸಿಕೊಂಡವರು ಅದರ ವಿವರವಿರುವ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಂಡಿರಬೇಕು. ಮುಂದೆ ಯಾವ ಕಾಯಿಲೆಗಾಗಿ ಯಾವ ಆಸ್ಪತ್ರೆಗೆ ಸೇರಿದರೂ, ಕ್ಯಾತಿಟರ್ ಹಾಕುವ ಮೊದಲು ಕಫ್‌ನ್ನು ತೆರೆದು ನಿಷ್ಕ್ರಿಯಗೊಳಿಸಬೇಕೆಂದು ತಾವೂ ಮನೆಯವರೂ ತಪ್ಪದೆ ತಿಳಿಸಬೇಕು.